ತೊಳೆಯದ ಚಪ್ಪಲಿ

"ಕಾರ್ಡ್ ಎಲ್ಲಿ?"

ನಾನು ಉತ್ತರ ಕೊಡಲಿಲ್ಲ. ಕೊಡುವ ಸ್ಥಿತಿಯಲ್ಲೂ ಇರಲಿಲ್ಲ. ನನ್ನ ತಲೆ ಹಾಲಿನೊಳಗಿತ್ತು!

ಐದು ಸಾವಿರ ಲೀಟರಿನ ಸ್ಟೀಲ್ ಟ್ಯಾಂಕು. ನಾಲ್ಕು ಡಿಗ್ರಿಗೆ ತಣ್ಣಗಾದ ಹಾಲು. ನೀವು ಹಾಲನ್ನು ಲೋಟದಲ್ಲಿ ಕಂಡವರು ಸಾರ್... ಮೂಗಿನಲ್ಲಿ ಕಂಡಿಲ್ಲ. ಅದು ಸೂಜಿಯ ಹಾಗೆ ನೆತ್ತಿಯವರೆಗೆ ಏರುತ್ತದೆ.

ಕತ್ತಿನ ಮೇಲಿದ್ದ ಕೈ ಲಾರಿಯದು. ಲಾರಿ ಎಂದರೆ ಗಾಡಿಯಲ್ಲ, ಮನುಷ್ಯ. ಮೈಕಟ್ಟು ನೋಡಿ ಜನ ಇಟ್ಟ ಹೆಸರು. ಬ್ರೇಕು ಅವನಿಗೂ ಸ್ವಲ್ಪ ಕಡಿಮೆಯೇ.

ಕೂದಲು ಹಿಡಿದು ಮೇಲೆತ್ತಿದ.

"ಇನ್ನೊಂದ್ಸಲ ಕೇಳ್ತೀನಿ. ಕಾರ್ಡ್ ಎಲ್ಲೋ?"

"ಹೊತ್ತಿಲ್ಲ..."

"ಏನಂದೆ?"

"ಹೊ... ಹೊತ್ತಿಲ್ಲ!"

ಹಿಂದಿನಿಂದ ನಗು ಕೇಳಿಸಿತು. ಮಗುಚಿಟ್ಟ ಹಾಲಿನ ಕ್ಯಾನಿನ ಮೇಲೆ, ಕಾಲ ಮೇಲೆ ಕಾಲು ಹಾಕಿ, ಹೆಗಲಣ್ಣ ಕೂತಿದ್ದ. ಸಿಕ್ಕಸಿಕ್ಕವರ ಹೆಗಲ ಮೇಲೆ ಕೈ ಹಾಕಿ ಫೋಟೋ ಹೊಡೆಸಿಕೊಳ್ಳುವ ಅಭ್ಯರ್ಥಿ. ಈ ಚಿಲ್ಲಿಂಗ್ ಸೆಂಟರ್ ಅವನದು. ಪಕ್ಕದ ಇನ್ನೂರು ಹಸುಗಳ ಫಾರ್ಮೂ ಅವನದು, ಎರಡಕ್ಕೂ ಒಂದೇ ಗೇಟು. ಕಾಲಲ್ಲಿ ಹೊಳೆಯುವ ಹೊಸ ರಬ್ಬರ್ ಬೂಟು. ಬೂಟನ್ನು ನಾನು ಆಗಲೇ ಕಂಡೆ... ಅರ್ಥವಾಗಿದ್ದು ಆಮೇಲೆ.

"ನಾಲಿಗೆ ಮರಗಟ್ಟಿದೆ ಕಣೋ, ಸ್ವಲ್ಪ ಬಿಸಿಲು ಕಾಯಿಸು," ಎಂದ. "ಲೇ ರಿಪೇರಿ, ಉಂಡ ಮನೆಯ ಜಂತೆ ಎಣಿಸ್ತೀಯಾ? ನನ್ನ ಕಪಾಟಿಗೇ ಕೈ ಹಾಕ್ತೀಯಾ?"

ರಿಪೇರಿ ಎಂದರೆ ನಾನು. ಕೆಟ್ಟ ಹೆಸರನ್ನು ಸರಿ ಮಾಡುವುದು, ಸರಿಯಿದ್ದ ಹೆಸರನ್ನು ಕೆಡಿಸುವುದು. ಎರಡಕ್ಕೂ ಒಂದೇ ಸ್ಪ್ಯಾನರ್.

ನಾಲಿಗೆ ಮರಗಟ್ಟಿರಲಿಲ್ಲ. ನಾಲಿಗೆಯ ಕೆಳಗೆ ಕಿರುಬೆರಳಿನ ಉಗುರಿನಷ್ಟು ಮೆಮೊರಿ ಕಾರ್ಡ್ ಇತ್ತು!

ಆ ಕಾರ್ಡಿನಲ್ಲಿ ಎರಡು ನಿಮಿಷ ನಲವತ್ತು ಸೆಕೆಂಡಿನ ಒಂದು ವಿಡಿಯೋ. ಲೋಕ ನೋಡಿದ್ದು ಅದರಲ್ಲಿ ಹತ್ತೊಂಬತ್ತು ಸೆಕೆಂಡು ಮಾತ್ರ.

ಕತ್ತರಿಸಿದವನು ನಾನೇ.

ಒಂಬತ್ತು ದಿನ ಹಿಂದಿನ ಮಾತು. ಹೆಗಲಣ್ಣ ನನ್ನನ್ನು ಕರೆಸಿದ. ಚುನಾವಣೆಯಲ್ಲಿ ಅವನ ಎದುರಾಳಿ ಒಬ್ಬ ದನದ ಡಾಕ್ಟರು. ಹೆಂಗಸು. ಹೊಳೆಯ ಎರಡೂ ದಡದಲ್ಲಿ ಎಲ್ಲರೂ ಡಾಕ್ಟರಮ್ಮ ಎನ್ನುತ್ತಿದ್ದರು.

"ಅವಳನ್ನ ದೊಡ್ಡ ಮನುಷ್ಯಳನ್ನಾಗಿ ಮಾಡು," ಎಂದ.

"ಅಂದ್ರೆ?"

"ಸೊಕ್ಕಿನವಳು. ಓದಿದ ಗರ್ವ. ನಮ್ಮಂಥ ಮಣ್ಣಿನ ಜನ ಕಂಡ್ರೆ ಮೂಗು ಮುರಿಯೋಳು. ಗೊತ್ತಾಯ್ತಲ್ಲ?"

ಗೊತ್ತಾಯಿತು. ಇದನ್ನು ಹೇಳುತ್ತಿದ್ದವನು ಹಾಸ್ಟೆಲ್ ಶಾಲೆಯಲ್ಲಿ ಇಂಗ್ಲಿಷಿನಲ್ಲಿ ಓದಿದವನು. ಹಳ್ಳಿ ಮಾತು ಕಲಿಸಲು ನಾಟಕದ ಮೇಷ್ಟ್ರೊಬ್ಬರನ್ನು ಇಟ್ಟುಕೊಂಡಿದ್ದ. ಅವನ ಅಂಗಿಯ ಹರಿದ ಕಾಲರನ್ನು ಹರಿದು ಕೊಟ್ಟವನು ದರ್ಜಿ! ನನಗೇನು? ಕೆಲಸ ಕೆಲಸವೇ.

ಡಾಕ್ಟರಮ್ಮನ ಬೆನ್ನು ಹತ್ತಿದೆ. ದೊಡ್ಡಸ್ತಿಕೆ ಎಳ್ಳಷ್ಟೂ ಸಿಗಲಿಲ್ಲ. ಹಳೆಯ ಸ್ಕೂಟರು. ಅಪ್ಪ ಸಂತೆಯಿಂದ ಸಂತೆಗೆ ದನ ಹೊಡೆಯುತ್ತಿದ್ದವನು. ಮಾತು ಕಡಿಮೆ, ನಗು ಅದಕ್ಕಿಂತ ಕಡಿಮೆ... ಅಷ್ಟೇ ತಪ್ಪು.

ಮಧ್ಯಾಹ್ನದ ಹೊತ್ತಿಗೆ ಊರಾಚೆಯ ಒಂದು ಕೊಟ್ಟಿಗೆಗೆ ಹೋದಳು. ನಾನು ಹುಲ್ಲಿನ ಬಣವೆಯ ಹಿಂದೆ ಕ್ಯಾಮೆರಾ ಹಿಡಿದು ಕೂತೆ. ಹೆಗಲಣ್ಣನದೇ ಕ್ಯಾಮೆರಾ. ಒಣಹುಲ್ಲಿನ ಧೂಳು ನಮ್ಮ ವಂಶಕ್ಕೇ ಆಗದು. ಕೆಮ್ಮು ಒತ್ತಿಬಂತು. ಎರಡು ಸಲ ಕೆಮ್ಮಿದೆ.

ಕೊಟ್ಟಿಗೆಯಿಂದ ಡಾಕ್ಟರಮ್ಮ ಹೊರಗೆ ಬಂದಳು. ಯಜಮಾನ ಹಣ್ಣುಹಣ್ಣು ಮುದುಕ. ಉಪಕಾರ ನೆನೆದು ಕೈ ಚಾಚಿದ. ಆಕೆ ಕೈ ಕೊಡಲಿಲ್ಲ! ಎರಡು ಹೆಜ್ಜೆ ಹಿಂದೆ ಸರಿದಳು. ಬಾಗಿಲಲ್ಲಿದ್ದ ಬಕೆಟ್ಟಿನ ವಾಷಿಂಗ್ ಸೋಡಾ ನೀರಿನಲ್ಲಿ ಮೊಣಕೈವರೆಗೆ ಕೈ ತೊಳೆದಳು. ಬ್ರಷ್ಷಿನಿಂದ ಬೂಟಿನ ಅಡಿ ತಿಕ್ಕಿದಳು, ಅದ್ದಿದಳು, ಮತ್ತೆ ತಿಕ್ಕಿದಳು. ಮುದುಕನ ಕೈ ಗಾಳಿಯಲ್ಲೇ ನಿಂತಿತ್ತು...

ಹತ್ತೊಂಬತ್ತು ಸೆಕೆಂಡು. ಶಬ್ದ ತೆಗೆದೆ. ಕೆಳಗೊಂದು ಸಾಲು ಬರೆದೆ: "ನಮ್ಮ ನೆರಳು ಬಿದ್ದರೂ ಇವರಿಗೆ ಸ್ನಾನ!"

ಸಂಜೆಯೊಳಗೆ ಪ್ರತಿ ಫೋನಿನಲ್ಲೂ ಅದೇ. ಡಾಕ್ಟರಮ್ಮನ ಹೆಸರು ಹೋಗಿ 'ಕೈ ತೊಳೆಯೋಳು' ಆಯಿತು.

ಶಬ್ದದಲ್ಲಿ ಏನಿತ್ತು ಅಂತೀರಾ? ಇದಿತ್ತು:

"ಕೈ ಕೊಡಲ್ಲ ಯಜಮಾನ್ರೇ, ಬೇಜಾರು ಮಾಡ್ಕೋಬೇಡಿ. ಇದು ಕಾಲುಬಾಯಿ ಜ್ವರ. ನನ್ನ ಕೈಯಲ್ಲಿ, ಬೂಟಲ್ಲಿ ಮುಂದಿನ ಕೊಟ್ಟಿಗೆಗೆ ಹೋಗುತ್ತೆ. ಹದಿನೈದು ದಿವಸ ಯಾರನ್ನೂ ಒಳಗೆ ಬಿಡ್ಬೇಡಿ. ನೀವೂ ಎಲ್ಲೂ ಹೋಗ್ಬೇಡಿ. ಈ ಬಕೆಟ್ಟು ಬಾಗಿಲಲ್ಲೇ ಇರ್ಲಿ."

ನಾನು ಕೊಟ್ಟಿಗೆಯಲ್ಲಿ ಹುಟ್ಟಿ ಬೆಳೆದವನು ಸಾರ್. ಅರ್ಥವಾಗಲಿಲ್ಲ ಎಂದರೆ ಸುಳ್ಳು.

ಅರ್ಥವಾಗಿತ್ತು. ಆದರೂ ಕತ್ತರಿಸಿದೆ.

ಎರಡೇ ದಿನ. ಹೆಗಲಣ್ಣ ಅದೇ ಮುದುಕನ ಕೊಟ್ಟಿಗೆಗೆ ನುಗ್ಗಿದ. ಕ್ಯಾಮೆರಾಗಳ ಮುಂದೆ ಮುದುಕನನ್ನು ತಬ್ಬಿದ. ಜೊಲ್ಲು ಸುರಿಸುತ್ತಿದ್ದ ಹಸುವಿನ ಮೂತಿ ಸವರಿದ. ಸಗಣಿ ಮೆತ್ತಿದ ಚಪ್ಪಲಿಯನ್ನು ಎತ್ತಿ ತೋರಿಸಿ ಕೂಗಿದ: "ಓಟಿನ ಎಣಿಕೆ ಮುಗಿಯೋವರೆಗೂ ಈ ಚಪ್ಪಲಿ ತೊಳೆಯಲ್ಲ! ಇದು ನಮ್ಮ ಜನರ ಮಣ್ಣು!"

ಚಪ್ಪಾಳೆಯೋ ಚಪ್ಪಾಳೆ!

ಮೂರು ದಿನ, ಅದೇ ಚಪ್ಪಲಿ, ಈ ದಡದ ಹನ್ನೊಂದು ಕೊಟ್ಟಿಗೆ. ಪ್ರತಿ ಬಾಗಿಲಲ್ಲೂ ಡಾಕ್ಟರಮ್ಮ ಇಡಿಸಿದ್ದ ಬಕೆಟ್ಟನ್ನು ಹುಡುಕಿ ಹುಡುಕಿ ಮಗುಚಿದರು. ಬಕೆಟ್ಟೇ ಅವಮಾನದ ಗುರುತಾಗಿತ್ತು.

ಹನ್ನೊಂದನೆಯದು ನನ್ನ ಅಕ್ಕನ ಕೊಟ್ಟಿಗೆ. ಏಳು ಹಸು, ಎರಡು ಕರು. ಭಾವ ತೀರಿಕೊಂಡ ಮೇಲೆ ಅವಳಿಗಿದ್ದ ಆಧಾರ ಅಷ್ಟೇ. ಕರೆದುಕೊಂಡು ಹೋದವನು ನಾನು.

ಅಕ್ಕ ಬಾಗಿಲಲ್ಲೇ ನನ್ನ ತೋಳು ಹಿಡಿದಳು. "ಲೋ ತಮ್ಮಾ, ಒಂಚೂರು ಕಾಲು ಅದ್ದಿ ಬರೋಕೆ ಹೇಳೋ ಅವರಿಗೆ."

"ಅಕ್ಕಾ, ಮಾನ ಕಳೀಬೇಡ. ಕ್ಯಾಮೆರಾ ಇದೆ."

"ಕ್ಯಾಮೆರಾ ಹಾಲು ಕೊಡುತ್ತೇನೋ?"

ಎಲ್ಲರೂ ನೋಡುತ್ತಿದ್ದರು. ನನ್ನ ಕಾಲಿನಿಂದಲೇ ಬಕೆಟ್ಟನ್ನು ಮಗುಚಿದೆ.

ನಾಲ್ಕು ದಿನಕ್ಕೆ ಅಕ್ಕನ ಫೋನು ಬಂತು. "ಗೌರಿ ಕಾಲು ಊರ್ತಿಲ್ಲ. ಬಾಯಿಂದ ನೊರೆ..." ಅಷ್ಟೇ ಹೇಳಿ ಇಟ್ಟುಬಿಟ್ಟಳು.

ಹೋದೆ. ಗೌರಿ ಅವಳ ಹಿರಿಯ ಹಸು. ನಾಲಿಗೆಯ ಮೇಲೆ ಗುಳ್ಳೆ ಒಡೆದು ಚರ್ಮ ಸುಲಿದಿತ್ತು. ಗೊರಸಿನ ಸಂದಿಯಲ್ಲಿ ಹುಣ್ಣು. ಒಂದು ಕಾಲೆತ್ತಿ ಇನ್ನೊಂದರ ಮೇಲೆ ಭಾರ ಹಾಕುವುದು, ಅದೂ ತಡೆಯದೆ ಮತ್ತೆ ಬದಲಿಸುವುದು. ಕರುವೊಂದು ಮೊಲೆಯ ಹತ್ತಿರ ಹೋಗಿ ಹೋಗಿ ಹಿಂದೆ ಬರುತ್ತಿತ್ತು.

ಜೇಬಿನಿಂದ ಟೂರಿನ ಪಟ್ಟಿ ತೆಗೆದೆ. ಯಾವ ಯಾವ ಕೊಟ್ಟಿಗೆಯಲ್ಲಿ ದನ ಮಲಗಿದೆ ಎಂದು ಫೋನು ಮಾಡಿ ಕೇಳಿದೆ. ಮೊದಲು ಹೋದಲ್ಲಿ ಮೊದಲು. ಆಮೇಲೆ ಹೋದಲ್ಲಿ ಆಮೇಲೆ. ರೋಗ ಹೆಗಲಣ್ಣನ ಪಟ್ಟಿ ಹಿಡಿದೇ ನಡೆದಿತ್ತು!

ಹೊರಗೆ ಸ್ಕೂಟರು ನಿಂತಿತು. ಡಾಕ್ಟರಮ್ಮ. ಕೋಟಿನ ಬೆನ್ನಿಗೆ ಸಗಣಿ ಮೆತ್ತಿತ್ತು. ದಾರಿಯಲ್ಲಿ ಯಾರೋ ಎಸೆದದ್ದು. ನನ್ನ ಮುಖ ನೋಡಲಿಲ್ಲ.

"ಕೊಂಬು ಹಿಡ್ಕೋ."

ಹಿಡಿದೆ. ಗೌರಿಯ ಬಾಯಿ ತೊಳೆದಳು. ಗೊರಸು ತೊಳೆದಳು. ಮುಲಾಮು ಹಚ್ಚುತ್ತಾ, "ವಿಡಿಯೋ ತೆಗೆದೋನು ನೀನೇ ಅಲ್ವಾ?" ಎಂದಳು.

"...ಹೇಗೆ ಗೊತ್ತು?"

"ಬಣವೆ ಹಿಂದೆ ಕೆಮ್ಮಿದ್ದು ಕೇಳಿಸ್ತು. ಈಗ್ಲೂ ಹಂಗೇ ಕೆಮ್ತಾ ಇದೀಯ."

"ತಪ್ಪಾಯ್ತು, ಡಾಕ್ಟರಮ್ಮ."

"ನಿನ್ನ ತಪ್ಪು ಇಟ್ಕೊಂಡು ನಾನೇನು ಮಾಡ್ಲಿ? ಗಾಯಕ್ಕೆ ಹಚ್ಲಾ?" ಆಕೆ ತಲೆಯೆತ್ತಲಿಲ್ಲ. "ನಾಳೆ ಬೆಳಿಗ್ಗೆ ಅವನು ಸೇತುವೆ ದಾಟ್ತಾನೆ. ಆ ದಡದಲ್ಲಿ ಮೂವತ್ತು ಕೊಟ್ಟಿಗೆ. ಎಲ್ಲ ಇನ್ನೂ ಚೆನ್ನಾಗಿವೆ."

"ನೀವೇ ಹೇಳಿ ಜನಕ್ಕೆ!"

"ಹೇಳ್ದೆ. ಸೋಲೋ ಭಯಕ್ಕೆ ರೋಗದ ಕತೆ ಕಟ್ತಾಳೆ ಅಂದ್ರು. ದೊಡ್ಡೋರ ಮಾತು ಯಾರು ನಂಬ್ತಾರೆ? ನೀನೇ ನನ್ನ ದೊಡ್ಡೋಳು ಮಾಡಿದೀಯಲ್ಲ!"

ಅಕ್ಕ ಮೂಲೆಯಲ್ಲಿ ಕೂತಿದ್ದಳು. ಒಂದೇ ಮಾತಾಡಿದಳು. "ಅವತ್ತು ಡಾಕ್ಟರಮ್ಮ ಆಡಿದ ಮಾತು ಎಲ್ಲೈತೆ?"

ಚಿಲ್ಲಿಂಗ್ ಸೆಂಟರಿನಲ್ಲಿದ್ದ ಹೆಗಲಣ್ಣನ ಆಫೀಸಿನಲ್ಲಿತ್ತು. ಕ್ಯಾಮೆರಾದೊಳಗೆ, ಕಾರ್ಡಿನಲ್ಲಿ, ಬೀಗ ಹಾಕಿದ ಕಪಾಟಿನಲ್ಲಿ.

ಬೆಳಗಾಗುತ್ತಲೇ ಹಿಂದಿನ ಗೋಡೆ ಹಾರಿ ಹೋದೆ. ಬೀಗ ಮುರಿದೆ. ಕಾರ್ಡ್ ತೆಗೆದೆ. ಬಾಗಿಲಲ್ಲಿ ಹೆಜ್ಜೆ ಸಪ್ಪಳ... ಕಾರ್ಡನ್ನು ನಾಲಿಗೆಯ ಕೆಳಗೆ ತಳ್ಳಿದೆ. ಮುಂದಿನದು ನಿಮಗೆ ಗೊತ್ತು. ಹಾಲು!

"ಅದ್ದು ಇನ್ನೊಂದ್ಸಲ," ಎಂದ ಹೆಗಲಣ್ಣ. ಗಡಿಯಾರ ನೋಡಿಕೊಂಡ. "ಬೇಗ. ಎಂಟಕ್ಕೆ ಸೇತುವೆ ಹತ್ರ ಜನ ಸೇರ್ತಾರೆ."

ಟ್ಯಾಂಕಿನ ಬುಡದಲ್ಲಿ ಹಾಲು ಬಿಡುವ ವಾಲ್ವ್ ಇರುತ್ತದೆ. ಅದಕ್ಕೆ ಉದ್ದನೆಯ ಹಿಡಿ. ಲಾರಿ ನನ್ನನ್ನು ಬಗ್ಗಿಸಿದ. ನಾನು ಕಾಲು ಬೀಸಿದೆ. ಹಿಡಿ ತಿರುಗಿತು.

ಹಾಲು ನುಗ್ಗಿತು! ನೆಲವೆಲ್ಲ ಟೈಲ್ಸು. ಲಾರಿಯ ಎರಡೂ ಕಾಲು ಎರಡು ಕಡೆಗೆ ಹೋದವು. ಹೆಸರಿಗೆ ತಕ್ಕಂತೆ ಲೋಡ್ ಸಮೇತ ಮಗುಚಿಕೊಂಡ. ಲೋಡ್ ನಾನೇ! ಅವನ ಹೊಟ್ಟೆಯ ಮೇಲೆ ಬಿದ್ದು, ಅವನ ಎದೆಯ ಮೇಲೆ ಕಾಲಿಟ್ಟು ಎದ್ದೆ.

"ಹಿಡೀರೋ ಅವನನ್ನ!"

ಅಂಗಳದಲ್ಲಿ ಹಾಲಿನ ಟೆಂಪೋ. ಕೀಲಿ ಅದರಲ್ಲೇ ಇತ್ತು. ಫಾರ್ಮಿನ ಗೇಟಿನ ಕಡೆ ಹಾರಿಸಿದೆ. ಗೇಟಿನ ಮುಂದೆ ಟೆಂಪೋ ದಡ್ ಎಂದು ಒಂದು ತಗ್ಗಿಗೆ ಇಳಿಯಿತು. ನೀರು ಎರಡೂ ಕಡೆಗೆ ಎದ್ದಿತು. ತುಟಿಗೆ ಸಿಡಿದ ಹನಿ ಚುರುಗುಟ್ಟಿತು...

ಸೋಡಾ!

ಸಿಮೆಂಟಿನ ತೊಟ್ಟಿ. ಒಳಗೆ ಬರುವ ಪ್ರತಿ ಗಾಡಿಯ ಟೈರೂ ಅದ್ದಿಕೊಂಡೇ ಬರಬೇಕು. ಪಕ್ಕದ ಗೋಡೆಗೆ ಸಾಲಾಗಿ ಹೊಸ ಬೂಟುಗಳು. ಕೊನೆಯ ಮೊಳೆಗೆ ಬಿಗಿಯಾಗಿ ಗಂಟು ಹಾಕಿದ ಪ್ಲಾಸ್ಟಿಕ್ ಚೀಲ. ಚೀಲದೊಳಗೆ, ಹಾರ ಹಾಕುವುದೊಂದು ಬಾಕಿ ಎನ್ನುವ ಹಾಗೆ... ಆ ಚಪ್ಪಲಿ!

ಪರರ ಕೊಟ್ಟಿಗೆಗೆಲ್ಲ ತೊಳೆಯದ ಚಪ್ಪಲಿ. ತನ್ನ ಫಾರ್ಮಿನ ಗೇಟಿನೊಳಗೆ ಬೂಟು. ಅವನಿಗೂ ಗೊತ್ತಿತ್ತು. ಮೊದಲ ದಿನದಿಂದಲೂ!

ಕೈ ಚಾಚಿ ಚೀಲವನ್ನು ಕಿತ್ತುಕೊಂಡೆ.

ಕನ್ನಡಿಯಲ್ಲಿ ಜೀಪು ಕಾಣಿಸಿತು. ಮಣ್ಣಿನ ರಸ್ತೆ. ಧೂಳು. ಹಿಂದೆ ಖಾಲಿ ಕ್ಯಾನುಗಳು ಒಂದಕ್ಕೊಂದು ಬಡಿಯುತ್ತಿದ್ದವು. ಜೀಪು ಬಂದು ಗುದ್ದಿತು. ಒಂದು ಸಲ. ಎರಡು ಸಲ. ಹಿಂದಿನ ಬಾಗಿಲು ಕಳಚಿತು. ಕ್ಯಾನುಗಳು ಉರುಳಿ ರಸ್ತೆಯ ತುಂಬ ಹರಡಿದವು. ಜೀಪು ಹೊಲಕ್ಕೆ ಇಳಿಯಿತು, ಗದ್ದೆಯ ಬದುವಿಗೆ ಸಿಕ್ಕಿ ಗುರುಗುಟ್ಟಿತು. ನನಗೆ ಐದು ನಿಮಿಷ ಸಿಕ್ಕಿತು. ಹೆಚ್ಚೆಂದರೆ ಐದು.

ಸೇತುವೆಯ ತುದಿಯಲ್ಲಿ ಆ ದಡದ ಜನ ನೆರೆದಿದ್ದರು. ಹೆಂಗಸರೇ ಹೆಚ್ಚು. ಹೆಗಲಣ್ಣನ ಎಲ್‌ಇಡಿ ವ್ಯಾನಿನ ಪರದೆಯ ಮೇಲೆ ನನ್ನ ಹತ್ತೊಂಬತ್ತು ಸೆಕೆಂಡು ಓಡುತ್ತಿತ್ತು. ಮುಗಿದರೆ ಮತ್ತೆ ಮೊದಲಿಂದ.

ನಾನು ಹೆಗಲಣ್ಣನಿಗೆ ತಿರುಗಿಬಿದ್ದದ್ದು ವ್ಯಾನಿನ ಆಪರೇಟರಿಗೆ ಇನ್ನೂ ಗೊತ್ತಿರಲಿಲ್ಲ.

"ಏನ್ಸಾರ್, ಹಾಲಲ್ಲಿ ಮಿಂದು ಬಂದಿದೀರಿ?"

ಬಾಯಿಂದ ಕಾರ್ಡ್ ತೆಗೆದು ಅವನ ಕೈಗಿಟ್ಟೆ. "ಅಣ್ಣ ಹೊಸದು ಕಳಿಸಿದಾರೆ. ಹಾಕು. ಸೌಂಡು ಫುಲ್!"

"ಥೂ... ಒದ್ದೆ!"

"ಒರೆಸಿ ಹಾಕು. ಬೇಗ!"

ಪರದೆ ಒಮ್ಮೆ ಕಪ್ಪಾಯಿತು. ಮತ್ತೆ ಅದೇ ಕೊಟ್ಟಿಗೆ, ಅದೇ ಮುದುಕ. ಮೂಲೆಯಲ್ಲಿ ಒಂಬತ್ತು ದಿನ ಹಿಂದಿನ ತಾರೀಖು. ಆಮೇಲೆ ಹಾರ್ನ್ ಸ್ಪೀಕರುಗಳಲ್ಲಿ ಮೊದಲು ಬಂದದ್ದು ನನ್ನ ಕೆಮ್ಮು! ಅದರ ಹಿಂದೆಯೇ ಡಾಕ್ಟರಮ್ಮನ ದನಿ, ಹೊಳೆಯ ಎರಡೂ ದಡಕ್ಕೆ: "ಕೈ ಕೊಡಲ್ಲ ಯಜಮಾನ್ರೇ, ಬೇಜಾರು ಮಾಡ್ಕೋಬೇಡಿ. ಇದು ಕಾಲುಬಾಯಿ ಜ್ವರ..."

ಎರಡು ನಿಮಿಷ ನಲವತ್ತು ಸೆಕೆಂಡು. ಪೂರ್ತಿ ಓಡಿತು.

ಜೀಪು ಬಂತು. ಹೆಗಲಣ್ಣ ಹಾರಿ ಇಳಿದ. ಮೈಕು ಕಿತ್ತುಕೊಂಡ.

"ನಂಬ್ಬೇಡಿ! ಇದೆಲ್ಲ ಓದಿದೋರ ಆಟ! ದೊಡ್ಡೋರ ಮಸಲತ್ತು! ನಾನು ನಿಮ್ಮೋನು... ನಿಮ್ಮ ಮಣ್ಣು ನನ್ನ ಕಾಲಲ್ಲೈತೆ!"

ಮುಂದಿನ ಸಾಲಿನಲ್ಲಿದ್ದ ಹೆಂಗಸೊಬ್ಬಳು ಅವನ ಕಾಲು ನೋಡಿದಳು. ಸೊಂಟಕ್ಕೆ ಸೆರಗು ಸಿಕ್ಕಿಸಿ, ಹುಲ್ಲು ಕೊಯ್ಯುವ ಕುಡುಗೋಲು ಹಿಡಿದು ಬಂದಿದ್ದವಳು.

"ಎಲ್ಲಣ್ಣಾ? ಕಾಲಲ್ಲಿ ಬೂಟೈತಲ್ಲ. ಬೆಳ್ಳಗೆ ಹೊಳೀತೈತೆ."

ಹೆಗಲಣ್ಣ ಕೆಳಗೆ ನೋಡಿಕೊಂಡ. ಅವಸರದಲ್ಲಿ ಮರೆತಿದ್ದ!

"ಚಪ್ಪಲಿ ಎಲ್ಲಣ್ಣಾ?"

ನಾನು ಚೀಲವನ್ನು ಮೇಲೆತ್ತಿದೆ. ಗಂಟು ಬಿಚ್ಚಲಿಲ್ಲ. "ಇಲ್ಲಿದೆ. ಇವರ ಫಾರ್ಮಿನ ಗೇಟಲ್ಲಿ ನೇತಾಡ್ತಿತ್ತು. ಅಲ್ಲಿಂದ ಒಳಗೆ ಇದಕ್ಕೆ ಪ್ರವೇಶ ಇಲ್ಲ!"

"ಸುಳ್ಳು!"

"ಸುಳ್ಳೇನು?" ಗುಂಪಿನ ಹಿಂದಿನಿಂದ ಹಾಲಿನ ಟ್ಯಾಂಕರಿನ ಡ್ರೈವರ್ ಕೂಗಿದ. "ನಮ್ಮ ಟೈರೂ ಅದ್ದಿಸಿಯೇ ಒಳಗೆ ಬಿಡೋದು! ವಾರದ ಮೇಲಾಯ್ತು!"

ಕುಡುಗೋಲಿನ ಹೆಂಗಸು ಒಂದು ಹೆಜ್ಜೆ ಮುಂದೆ ಬಂದಳು. ದನಿ ಏರಿಸಲಿಲ್ಲ.

"ಅಂದ್ರೆ ನಿನ್ನ ದನ ದನ... ನಮ್ಮ ದನ ಓಟಾ?"

ನಾಟಕದ ಮೇಷ್ಟ್ರು ಕಲಿಸಿದ್ದೆಲ್ಲ ಮರೆತು ಹೆಗಲಣ್ಣ ಇಂಗ್ಲಿಷಿನಲ್ಲಿ ಬೈದ.

ಆ ದಡದವರು ಕಲ್ಲು ಎಸೆಯಲಿಲ್ಲ. ಒಂದು ಎತ್ತಿನ ಗಾಡಿಯನ್ನು ತಂದು ಸೇತುವೆಗೆ ಅಡ್ಡ ನಿಲ್ಲಿಸಿದರು. ಅದರ ಮುಂದೆ ಒಂದು ಬಕೆಟ್ ಇಟ್ಟರು. ಅಷ್ಟೇ. ಮೂವತ್ತು ಕೊಟ್ಟಿಗೆಗಳ ಬಾಗಿಲು ಮುಚ್ಚಿದವು.

ಲಾರಿ ನನ್ನನ್ನು ಮರೆತಿರಲಿಲ್ಲ. ಹಿಂದಿನಿಂದ ಬಂದ. ಎರಡು ಪಕ್ಕೆಲುಬು. ಮಳೆ ಬರುವ ಮುಂಚೆ ಈಗಲೂ ಹೇಳುತ್ತವೆ.

ಗೆದ್ದದ್ದು ಯಾರು ಅಂತೀರಾ?

ಹೆಗಲಣ್ಣ! ಇನ್ನೂರ ಹನ್ನೆರಡು ಓಟಿನಿಂದ!

ನಗಬೇಡಿ. ಹೇಗೆಂದು ಕೇಳಿ. ಡಾಕ್ಟರಮ್ಮ ಏನು ಹೇಳಿದ್ದಳು? ಹದಿನೈದು ದಿವಸ ಎಲ್ಲೂ ಹೋಗಬೇಡಿ ಎಂದು. ಮತದಾನ ಸೇತುವೆಯ ಗಲಾಟೆಯಿಂದ ನಾಲ್ಕನೆಯ ದಿನಕ್ಕಿತ್ತು. ಆ ದಡದವರು ಆಕೆಯನ್ನು ಎಷ್ಟು ನಂಬಿದರೆಂದರೆ ಮನೆ ಬಿಟ್ಟು ಕದಲಲಿಲ್ಲ. ಬೂತಿಗೂ ಬರಲಿಲ್ಲ. ನಂಬದವರು ಮಾತ್ರ ಸಾಲಿನಲ್ಲಿ ನಿಂತು ಓಟು ಒತ್ತಿದರು.

ಬೂತಿಗೆ ಹೋಗಿ ಬನ್ನಿ, ಕಾಲು ತೊಳೆದರೆ ಸಾಕು ಎಂದು ಆಕೆ ಒಂದು ಮಾತು ಹೇಳಬಹುದಿತ್ತು. ನಾನೇ ಹೋಗಿ ಕೇಳಿಕೊಂಡೆ. "ಮುನ್ನೂರು ಜನ ಒಂದೇ ಸಾಲಲ್ಲಿ ನಿಂತ್ರೆ ಯಾರ ಕಾಲು ಯಾರು ನೋಡ್ತಾರೆ?" ಎಂದಳು. ಸಿರಿಂಜಿಗೆ ಸೂಜಿ ಹಾಕುತ್ತಾ ನಿಂತಿದ್ದಳು. ಮಾತು ಅಲ್ಲಿಗೆ ಮುಗಿಯಿತು.

ಆ ದಡದಲ್ಲಿ ಒಂದು ಕರುವೂ ಸಾಯಲಿಲ್ಲ. ಈ ದಡದಲ್ಲಿ ಇಪ್ಪತ್ತಾರು ಸತ್ತವು. ಅದರಲ್ಲಿ ಎರಡು ಅಕ್ಕನವು. ಹಳ್ಳ ತೋಡಿ ಸುಣ್ಣ ಹಾಕಿ ಹೂತವನು ನಾನು. ಗೌರಿ ಉಳಿದಿದೆ. ಹಾಲು ಬತ್ತಿದೆ. ಅಕ್ಕ ನನ್ನ ಹತ್ತಿರ ಹೆಚ್ಚು ಮಾತಾಡುವುದಿಲ್ಲ. ದಿನಕ್ಕೆ ಎರಡೇ ಪದ: "ಬಕೆಟ್ಟು ತುಂಬಿಸು."

ತುಂಬಿಸುತ್ತೇನೆ.

ಈಗ ನಿಮ್ಮ ವಿಷಯಕ್ಕೆ ಬರೋಣ ಸಾರ್. ಮುಂದಿನ ಚುನಾವಣೆಗೆ ನಿಂತಿದ್ದೀರಿ. ನಿಮ್ಮ ಎದುರಾಳಿ ಒಬ್ಬ ಸ್ಕೂಲ್ ಮೇಷ್ಟ್ರು. ಅವನಿಗೆ ದೊಡ್ಡಸ್ತಿಕೆ, ಬಡವರನ್ನು ಕಂಡರೆ ಅಸಹ್ಯ ಎಂದು ಒಂದು ಸಣ್ಣ ವಿಡಿಯೋ ಬೇಕು ಎಂದಿರಿ. ಸುಳ್ಳಾದರೂ ಪರವಾಗಿಲ್ಲ, ಈ ದಡ್ಡ ಜನಕ್ಕೆ ಅಷ್ಟೇ ಸಾಕು ಎಂದಿರಿ. 'ದಡ್ಡ ಜನ' ಎಂದು ಎರಡು ಸಲ ಹೇಳಿದಿರಿ. ನಾನು ಎಣಿಸಿದೆ.

ಬರುವಾಗ ಅಕ್ಕನ ಕೊಟ್ಟಿಗೆ ಬಾಗಿಲಿನ ಆ ಬಕೆಟ್ಟನ್ನು ದಾಟಿಕೊಂಡು ಬಂದಿರಿ. ಹೋಗುವಾಗ ಬೂಟು ಅದ್ದಿಕೊಂಡು ಹೋಗಿ.

ಏನು ಸಾರ್? ಹುಲ್ಲಿನ ಬಣವೆ ಕೆಮ್ಮಿದ ಹಾಗಾಯಿತೇ?

ನಮ್ಮಕ್ಕ. ಕೈಯಲ್ಲಿ ಕ್ಯಾಮೆರಾ. ಒಣಹುಲ್ಲಿನ ಧೂಳು ನಮ್ಮ ವಂಶಕ್ಕೇ ಆಗದು ಎಂದು ಹೇಳಿದ್ದೆನಲ್ಲ... ಈ ಸಲ ಒಂದು ಸೆಕೆಂಡನ್ನೂ ಕತ್ತರಿಸುವುದಿಲ್ಲ ಸಾರ್, ಸೌಂಡು ಫುಲ್!